ಬಿಲ್ಲು ಕೈಗೆ ಬಂದ ತಾರೀಖು ಬರೆದಿಟ್ಟುಕೊಳ್ಳಿ

ಓದುಗರ ಕಾನೂನು ಪ್ರಶ್ನೆಗಳು

ಬ್ರಿಟನ್ನಿನಲ್ಲಿರುವ ಓದುಗರಿಂದಲೂ ಅವರ ಖರ್ಚಿಗೆ ಇಲ್ಲಿಂದ ಹಣ ಕಳಿಸುತ್ತಿರುವ ತಂದೆತಾಯಿಯರಿಂದಲೂ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಎಲ್ಲದರ ವಿಷಯ ಒಂದೇ: ಡೈವೋರ್ಸ್ ಕೇಸು ನಡೆಸುತ್ತಿರುವ ಸಾಲಿಸಿಟರ್ ಹಾಕಿದ ಬಿಲ್ಲು. ಉತ್ತರಗಳು ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಸಂಬಂಧಿಸಿದವು. ಸ್ಕಾಟ್ಲೆಂಡಿನ ಕಾನೂನೇ ಬೇರೆ. ಅಲ್ಲಿ ಫೀಸಿನ ತಕರಾರು ಕೋರ್ಟಿನ ಆಡಿಟರ್ ಮುಂದೆ ಹೋಗುತ್ತದೆ.

ಪ್ರಶ್ನೆ: ಕೇಸು ಒಪ್ಪಿಕೊಳ್ಳುವಾಗ ಎಲ್ಲ ಸೇರಿ 8,000 ಪೌಂಡ್ ಆಗಬಹುದು ಎಂದು ಪತ್ರ ಕೊಟ್ಟಿದ್ದರು. ತಿಂಗಳು ತಿಂಗಳು ಬಂದ ಬಿಲ್ಲುಗಳ ಮೊತ್ತ ಈಗ 21,000 ದಾಟಿದೆ. ಮನೆ, ಪಿಂಚಣಿ ಹಂಚಿಕೆ ಇನ್ನೂ ಮುಗಿದಿಲ್ಲ. ಕೊನೆಯ ಎರಡು ಬಿಲ್ಲು ಕಟ್ಟಿಲ್ಲ. ಕಟ್ಟದಿದ್ದರೆ ಕೇಸು ಬಿಡುತ್ತೇವೆ ಅನ್ನುತ್ತಿದ್ದಾರೆ. ಏನು ಮಾಡಬೇಕು?
– ಓದುಗರು, ರೆಡಿಂಗ್

ಉತ್ತರ: ಮೊತ್ತದ ಮಾತು ಆಮೇಲೆ. ಮೊದಲು ಅಷ್ಟೂ ಬಿಲ್ಲುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಒಂದೊಂದೂ ನಿಮ್ಮ ಕೈ ಸೇರಿದ ತಾರೀಖು ಮತ್ತು ಹಣ ಕಟ್ಟಿದ ತಾರೀಖನ್ನು ಅದರ ಮೇಲೇ ಬರೆಯಿರಿ. ನಿಮ್ಮ ಹಕ್ಕು ನಿಂತಿರುವುದು ಈ ಎರಡು ತಾರೀಖುಗಳ ಮೇಲೆ.

1974ರ ಸಾಲಿಸಿಟರ್ಸ್ ಆಕ್ಟ್‌ನ 70ನೇ ಕಲಮಿನ ಪ್ರಕಾರ ಬಿಲ್ಲು ಬಂದ ಒಂದು ತಿಂಗಳೊಳಗೆ ಕೋರ್ಟಿಗೆ ಅರ್ಜಿ ಹಾಕಿದರೆ, ಆ ಬಿಲ್ಲನ್ನು ಸಾಲುಸಾಲಾಗಿ ಪರಿಶೀಲಿಸುವಂತೆ ಕೋರ್ಟು ಆದೇಶ ಮಾಡಲೇಬೇಕು. ಇದಕ್ಕೆ ಡೀಟೇಲ್ಡ್ ಅಸೆಸ್‌ಮೆಂಟ್ ಎಂದು ಹೆಸರು. ಮೊದಲು ಹಣ ಕಟ್ಟಿ ಆಮೇಲೆ ಬನ್ನಿ ಎಂಬ ಷರತ್ತನ್ನೂ ಆಗ ಹಾಕುವಂತಿಲ್ಲ. ತಿಂಗಳು ಕಳೆದು ಹನ್ನೆರಡು ತಿಂಗಳೊಳಗೆ ಬಂದರೆ ಆದೇಶ ಕೋರ್ಟಿನ ವಿವೇಚನೆಗೆ ಬಿಟ್ಟದ್ದು. ಸಾಮಾನ್ಯವಾಗಿ ಸಿಗುತ್ತದೆ, ಆದರೆ ಇಷ್ಟು ಹಣ ಠೇವಣಿ ಇಡಿ ಎನ್ನಬಹುದು. ಹನ್ನೆರಡು ತಿಂಗಳು ದಾಟಿದರೆ, ಅಥವಾ ಬಿಲ್ಲನ್ನು ಆಗಲೇ ಪಾವತಿ ಮಾಡಿದ್ದರೆ, ‘ವಿಶೇಷ ಸಂದರ್ಭ’ ಇದೆ ಎಂದು ನೀವೇ ತೋರಿಸಬೇಕು. ಪಾವತಿ ಮಾಡಿ ಹನ್ನೆರಡು ತಿಂಗಳು ಆಗಿಹೋಗಿದ್ದರೆ ಈ ಕಲಮಿನ ಬಾಗಿಲು ಮುಚ್ಚಿತು. ‘ಈಗ ಕಟ್ಟಿಬಿಡೋಣ, ಕೇಸು ಮುಗಿದ ಮೇಲೆ ಜಗಳ ಆಡೋಣ’ ಎಂಬ ಲೆಕ್ಕಾಚಾರ ಕೈಕೊಡುವುದು ಇಲ್ಲಿಯೇ.

ಆದರೆ ತಿಂಗಳ ಬಿಲ್ಲುಗಳಲ್ಲಿ ಎರಡು ಜಾತಿ. ಒಂದು, ಆ ಅವಧಿಯ ಕೆಲಸಕ್ಕೆ ಅಂತಿಮ ಲೆಕ್ಕವಾಗಿ ಕೊಡುವ ಇಂಟರಿಮ್ ಸ್ಟ್ಯಾಚ್ಯೂಟ್ ಬಿಲ್. ಇದು ಬಂದ ದಿನದಿಂದ ಮೇಲಿನ ಗಡಿಯಾರ ಓಡುತ್ತದೆ. ಇನ್ನೊಂದು, ಬರೀ ಮುಂಗಡ ಕೇಳುವ ಚೀಟಿ, ಬಿಲ್ ಆನ್ ಅಕೌಂಟ್. ಅದಕ್ಕೆ ಹಣ ಕಟ್ಟಿದರೆ ಪಾವತಿ ಎನಿಸಿಕೊಳ್ಳುವುದಿಲ್ಲ, ಗಡಿಯಾರವೂ ಓಡುವುದಿಲ್ಲ. ಎರಡೂ ನೋಡಲು ಒಂದೇ ಥರ ಇರುತ್ತವೆ. ವ್ಯತ್ಯಾಸ ಗೊತ್ತಾಗುವುದು ಕೇಸು ಕೊಟ್ಟಾಗ ನೀವು ರುಜು ಹಾಕಿದ ಕ್ಲೈಂಟ್ ಕೇರ್ ಲೆಟರಿನಿಂದ. ಮಧ್ಯಂತರ ಬಿಲ್ಲುಗಳು ಅಂತಿಮ, ಪ್ರತಿಯೊಂದನ್ನೂ ಪ್ರಶ್ನಿಸಲು ಕಾಲಮಿತಿ ಇದೆ ಎಂದು ಅಲ್ಲಿ ಸ್ಪಷ್ಟವಾಗಿ ಹೇಳಿರದಿದ್ದರೆ, ಇವೆಲ್ಲ ಆನ್ ಅಕೌಂಟ್, ಕೊನೆಯ ಬಿಲ್ಲಿನೊಂದಿಗೆ ಒಟ್ಟು ಒಂದೇ ಬಿಲ್ಲಾಗುತ್ತವೆ ಎಂದು ವಾದಿಸಬಹುದು. ಈಗಾಗಲೇ ಕಟ್ಟಿದ ಹಣವನ್ನೂ ತಕರಾರಿನೊಳಗೆ ತರುವ ದಾರಿ ಇದು. ಫೀಸಿನ ವ್ಯಾಜ್ಯಗಳನ್ನೇ ನಡೆಸುವ ಕಾಸ್ಟ್ಸ್ ಲಾಯರ್‌ಗಳು ಮೊದಲು ಕೇಳುವುದು ಬಿಲ್ಲನ್ನಲ್ಲ, ಈ ಪತ್ರವನ್ನು.

ಇನ್ನು 8,000ದ ಅಂದಾಜು. ಅಂದಾಜು ಕೊಟ್ಟ ಮಾತ್ರಕ್ಕೆ ಅದೇ ಗರಿಷ್ಠ ಮಿತಿ ಆಗುವುದಿಲ್ಲ. ಆದರೆ ಫೀಸು ನ್ಯಾಯವೇ ಎಂದು ಅಳೆಯಲು ಕೋರ್ಟು ಹಿಡಿಯುವ ಗಜಕಡ್ಡಿ ಅದು. ಒಟ್ಟು ಖರ್ಚು ಎಷ್ಟಾಗಬಹುದು ಎಂಬುದನ್ನು ಕೇಸು ಒಪ್ಪುವಾಗಲೂ ಕೇಸು ಮುಂದುವರಿದಂತೆಯೂ ಕಕ್ಷಿದಾರರಿಗೆ ತಿಳಿಸಬೇಕೆಂದು ಸಾಲಿಸಿಟರುಗಳ ನಡವಳಿಕೆ ಸಂಹಿತೆಯ 8.7ನೇ ನಿಯಮ ಹೇಳುತ್ತದೆ. ಆದ್ದರಿಂದ 8,000 ಎಂದವರು 12,000 ಆದಾಗ ತಿಳಿಸಿದರೇ, 16,000 ಆದಾಗ ತಿಳಿಸಿದರೇ, ಕಾರಣ ಹೇಳಿದರೇ ಎಂದು ಇಮೇಲುಗಳಲ್ಲಿ ಹುಡುಕಿ. ತಿಳಿಸಿರದಿದ್ದರೆ ಮುಂದಿನ ಪ್ರಶ್ನೆ ನಿಮಗೇ: ಆಗಲೇ ಗೊತ್ತಿದ್ದರೆ ನೀವು ಬೇರೆ ಏನು ಮಾಡುತ್ತಿದ್ದಿರಿ? ರಾಜಿಗೆ ಬಂದ ಪ್ರಸ್ತಾಪ ಒಪ್ಪುತ್ತಿದ್ದಿರಾ, ಮೀಡಿಯೇಷನ್‌ಗೆ ಹೋಗುತ್ತಿದ್ದಿರಾ, ಕಡಿಮೆ ದರದ ವಕೀಲರನ್ನು ಹಿಡಿಯುತ್ತಿದ್ದಿರಾ? ಇದಕ್ಕೆ ತಾರೀಖಿನೊಂದಿಗೆ ಉತ್ತರ ಇದ್ದರೆ ನಿಮ್ಮ ತಕರಾರಿಗೆ ತೂಕ ಬರುತ್ತದೆ. ‘ಮೋಸ ಮಾಡಿದರು’ ಎಂಬ ಮಾತಿಗೆ ಅಷ್ಟು ತೂಕ ಇಲ್ಲ.

ಕೈಯಲ್ಲೇ ಇದ್ದರೂ ಹೆಚ್ಚಿನವರು ತೆರೆದು ನೋಡದ ಒಂದು ಕಾಗದವಿದೆ: ಫಾರ್ಮ್ ಎಚ್. ಆಸ್ತಿ ಹಂಚಿಕೆಯ ಪ್ರತಿ ಹಿಯರಿಂಗಿಗೂ ಮುಂಚೆ, ಅಲ್ಲಿಯವರೆಗಿನ ವಕೀಲರ ಖರ್ಚು ಎಷ್ಟು ಎಂದು ಇದರಲ್ಲಿ ಕೋರ್ಟಿಗೆ ಲೆಕ್ಕ ಕೊಡಬೇಕು. ಅಷ್ಟೂ ಪ್ರತಿಗಳನ್ನು ಕೇಳಿ ಪಡೆಯಿರಿ. ಕೋರ್ಟಿಗೆ 9,500 ಎಂದು ಬರೆದುಕೊಟ್ಟು ಅದೇ ಅವಧಿಗೆ ನಿಮಗೆ 13,000ದ ಬಿಲ್ಲು ಕಳಿಸಿದ್ದರೆ ಆ ವ್ಯತ್ಯಾಸಕ್ಕೆ ಅವರೇ ವಿವರಣೆ ಕೊಡಬೇಕು.

ಕೇಸು ಬಿಡುತ್ತೇವೆ ಎಂಬ ಬೆದರಿಕೆಯನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಮುಂದಿನ ಕೆಲಸಕ್ಕೆ ನ್ಯಾಯವಾದ ಮುಂಗಡ ಕೇಳಿದಾಗ ಕೊಡದಿದ್ದರೆ, ತಕ್ಕ ನೋಟಿಸು ಕೊಟ್ಟು ಕೇಸು ಬಿಡುವ ಹಕ್ಕು ಅವರಿಗಿದೆ. ಹಾಗಾಗಿ ಪೂರ್ತಿ ತಡೆಹಿಡಿಯುವ ಬದಲು, ನಿಮಗೆ ತಕರಾರಿಲ್ಲದ ಭಾಗವನ್ನು ಕಟ್ಟಿ, ಜತೆಗೆ ಮೂರೇ ವಾಕ್ಯದ ಇಮೇಲು ಕಳಿಸಿ: ಇದು ಆನ್ ಅಕೌಂಟ್ ಹಣ, ಬಿಲ್ಲಿನ ಮೊತ್ತವನ್ನು ನಾನು ಒಪ್ಪಿಲ್ಲ, 70ನೇ ಕಲಮಿನ ಹಕ್ಕು ಕಾಯ್ದಿರಿಸಿದೆ. ಮುಂದಿನ ಹಿಯರಿಂಗಿಗೆ ನಿಗದಿತ ಮೊತ್ತ ಹೇಳಿ ಎಂದು ಅದರಲ್ಲೇ ಕೇಳಿ.

ಪ್ರಶ್ನೆ: ಬಿಲ್ಲಿನ ವಿವರ ಕೇಳಿದ್ದಕ್ಕೆ ನಲವತ್ತು ಪುಟದ ಪಟ್ಟಿ ಕಳಿಸಿದ್ದಾರೆ. ಒಂದು ಸಾಲಿನ ಇಮೇಲಿಗೂ ಆರು ನಿಮಿಷ ಹಾಕಿದ್ದಾರೆ. ಇದು ಸರಿಯೇ? ಎಲ್ಲಿಂದ ನೋಡಲಿ?
– ಓದುಗರು, ಮಿಲ್ಟನ್ ಕೀನ್ಸ್

ಉತ್ತರ: ಆರು ನಿಮಿಷಕ್ಕೆ ಒಂದು ಯೂನಿಟ್, ಗಂಟೆಗೆ ಹತ್ತು. ಅಲ್ಲಿನ ಪದ್ಧತಿಯೇ ಅದು. ಗಂಟೆಗೆ 300 ಪೌಂಡ್ ದರವಿದ್ದರೆ ‘ಧನ್ಯವಾದ, ಸಿಕ್ಕಿತು’ ಎಂಬ ಉತ್ತರಕ್ಕೂ 30 ಪೌಂಡ್, ಶೇ 20ರ ವ್ಯಾಟ್ ಸೇರಿ 36. ಒಂದೊಂದು ಇಮೇಲನ್ನೂ ಹಿಡಿದು ಜಗ್ಗಾಡಿದರೆ ನೀವು ಗೆಲ್ಲುವುದು ಚಿಲ್ಲರೆ ಕಾಸು. ಗುಂಪು ಮಾಡಿ ನೋಡಿ. ಪಟ್ಟಿಯನ್ನು ಎಕ್ಸೆಲ್‌ನಲ್ಲೇ ಕಳಿಸಿ ಎಂದು ಕೇಳಿ. ತಾರೀಖು, ಯಾರು, ದರ, ಯೂನಿಟ್, ಕೆಲಸ ಎಂಬ ಐದು ಕಾಲಂ ಇರಲಿ. ಮೊದಲು ‘ಯಾರು’ ಕಾಲಂ ಮೇಲೆ ವಿಂಗಡಿಸಿ. ಎಂಟು ವರ್ಷಕ್ಕೂ ಹೆಚ್ಚು ಅನುಭವವಿರುವ ಎ ದರ್ಜೆಯವರು ಮಾಡಿದ ಕೆಲಸವೆಲ್ಲ ಒಂದೆಡೆ ಬರುತ್ತದೆ. ಅದರಲ್ಲಿ ಪುಟ ಸಂಖ್ಯೆ ಹಾಕುವುದು, ಬಂಡಲ್ ಜೋಡಿಸುವುದು, ಬ್ಯಾಂಕ್ ಸ್ಟೇಟ್‌ಮೆಂಟನ್ನು ಫಾರ್ಮ್ ಇ ಗೆ, ಅಂದರೆ ಆಸ್ತಿ ಮತ್ತು ಆದಾಯದ ವಿವರ ಕೊಡುವ ಫಾರ್ಮಿಗೆ, ಲಗತ್ತಿಸುವುದು ಸೇರಿದ್ದರೆ ಅದು ಡಿ ದರ್ಜೆಯ ಪ್ಯಾರಾಲೀಗಲ್, ಅಂದರೆ ಕಚೇರಿ ಸಹಾಯಕರ ಕೆಲಸ. ದರ ಇಳಿಸಲು ಹೇಳಿ.

ಆಮೇಲೆ ಈ ಜಾಗಗಳನ್ನು ತಡಕಿ: ಕಚೇರಿಯವರೇ ತಮ್ಮತಮ್ಮೊಳಗೆ ಮಾತಾಡಿದ್ದಕ್ಕೆ ಇಬ್ಬರೂ ಸಮಯ ಹಾಕಿರುವುದು, ಒಬ್ಬರು ಸಾಕಾದ ಹಿಯರಿಂಗಿಗೆ ಬ್ಯಾರಿಸ್ಟರ್ ಜತೆ ಇಬ್ಬರು ಹೋಗಿರುವುದು, ನಿಮ್ಮ ವಕೀಲರು ಕೆಲಸ ಬಿಟ್ಟು ಹೊಸಬರು ಬಂದಾಗ, ಹೊಸಬರು ಫೈಲು ಓದಿದ ನಾಲ್ಕೈದು ಗಂಟೆ. ಈ ಕೊನೆಯದು ತುಂಬ ಸಾಮಾನ್ಯ, ಆದರೆ ಅದರ ಹೊರೆ ನಿಮ್ಮ ತಲೆಗೆ ಬರಬಾರದು. ಬಿಲ್ಲು ತಯಾರಿಸಿದ ಸಮಯಕ್ಕೆ ಫೀಸು ಇಲ್ಲ. ನಿಮ್ಮ ದೂರಿಗೆ ಉತ್ತರಿಸಿದ ಸಮಯಕ್ಕಂತೂ ಇಲ್ಲವೇ ಇಲ್ಲ. ದೂರನ್ನು ಉಚಿತವಾಗಿ ವಿಚಾರಿಸಬೇಕೆಂದು ಅದೇ ಸಂಹಿತೆಯ 8.5ನೇ ನಿಯಮದಲ್ಲಿದೆ. ಆದರೂ ಪಟ್ಟಿಯಲ್ಲಿ ಅದು ನುಸುಳಿರುತ್ತದೆ, ನೋಡಿ.

ಒಂದು ಕಟು ಮಾತು. ಪಟ್ಟಿಯಲ್ಲಿ ನಿಮ್ಮ ಇಮೇಲುಗಳನ್ನೂ ಎಣಿಸಿ. ಮಕ್ಕಳನ್ನು ವಾರಾಂತ್ಯಕ್ಕೆ ಕರೆದುಕೊಂಡು ಹೋದವರು ಅರ್ಧ ಗಂಟೆ ತಡವಾಗಿ ಬಂದರು ಎಂದು ರಾತ್ರಿ ಹನ್ನೊಂದಕ್ಕೆ ಬರೆದ ಇಮೇಲಿಗೂ ಎರಡು ಯೂನಿಟ್ ಬಿದ್ದಿರುತ್ತದೆ, ಓದಿದ್ದಕ್ಕೆ ಒಂದು, ಉತ್ತರಿಸಿದ್ದಕ್ಕೆ ಇನ್ನೊಂದು. ಅಂಥವನ್ನು ಕೋರ್ಟು ಸಾಮಾನ್ಯವಾಗಿ ಕಡಿತ ಮಾಡುವುದಿಲ್ಲ. ಕಕ್ಷಿದಾರರು ಒಪ್ಪಿಗೆ ಕೊಟ್ಟು ಮಾಡಿಸಿದ ಕೆಲಸದ ಖರ್ಚು ನ್ಯಾಯವಾದದ್ದೆಂದೇ ಸಿವಿಲ್ ಪ್ರೊಸೀಜರ್ ರೂಲ್ಸ್‌ನ 46.9ನೇ ನಿಯಮ ಭಾವಿಸುತ್ತದೆ. ಇನ್ನು ಮುಂದಾದರೂ ವಾರಕ್ಕೆ ಒಂದೇ ಇಮೇಲು, ಅದರಲ್ಲಿ ಅಷ್ಟೂ ಪ್ರಶ್ನೆ.

ಪ್ರಶ್ನೆ: ಲೀಗಲ್ ಒಂಬುಡ್ಸ್‌ಮನ್‌ಗೆ ಹೋಗುವುದೋ, ಕೋರ್ಟಿಗೆ ಹೋಗುವುದೋ? ಬಿಲ್ಲು ಬಂದು ಎರಡು ವಾರ ಆಯಿತು.
– ಓದುಗರು, ಲೆಸ್ಟರ್

ಉತ್ತರ: ಒಂಬುಡ್ಸ್‌ಮನ್‌ಗೆ ದೂರು ಕೊಡಲು ಖರ್ಚಿಲ್ಲ. ವಕೀಲರ ಸೇವೆಯ ಮೇಲಿನ ದೂರುಗಳನ್ನು ವಿಚಾರಿಸುವ ಸಂಸ್ಥೆ ಅದು. ಮೊದಲು ವಕೀಲರ ಸಂಸ್ಥೆಗೇ ಲಿಖಿತ ದೂರು ಕೊಡಬೇಕು. ಅವರಿಗೆ ಎಂಟು ವಾರ ಕಾಲಾವಕಾಶ. ಅಂತಿಮ ಉತ್ತರ ಬಂದ ಆರು ತಿಂಗಳೊಳಗೆ, ಮತ್ತು ತಪ್ಪು ನಡೆದ ಅಥವಾ ನಿಮಗೆ ಗೊತ್ತಾದ ಒಂದು ವರ್ಷದೊಳಗೆ ಒಂಬುಡ್ಸ್‌ಮನ್ ಬಳಿ ಹೋಗಬೇಕು. ಈ ಒಂದು ವರ್ಷದ ಮಿತಿ ಬಂದದ್ದು 2023ರ ಏಪ್ರಿಲ್‌ನಲ್ಲಿ. ಆರು ವರ್ಷ ಎಂದು ಹೇಳುವ ಹಳೆಯ ಮಾಹಿತಿ ಇನ್ನೂ ಓಡಾಡುತ್ತಿದೆ, ನಂಬಬೇಡಿ. ಅವರು ಫೀಸು ಇಳಿಸಬಹುದು, ವಾಪಸು ಕೊಡಿಸಬಹುದು, 50,000 ಪೌಂಡ್‌ವರೆಗೆ ಪರಿಹಾರ ಕೊಡಿಸಬಹುದು. ಅಂದಾಜು ಮೀರಿದ್ದನ್ನು ತಿಳಿಸಲಿಲ್ಲ, ಕೇಳಿದ್ದಕ್ಕೆ ಉತ್ತರಿಸಲಿಲ್ಲ ಎಂಬಂಥ ಸೇವೆಯ ದೋಷಕ್ಕೆ ಇದೇ ತಕ್ಕ ಜಾಗ. ಅವರ ಅಂತಿಮ ತೀರ್ಮಾನವನ್ನು ನೀವು ಒಪ್ಪಿಕೊಂಡರೆ ಎರಡೂ ಕಡೆಯವರು ಬದ್ಧರು. ಅದೇ ವಿಷಯಕ್ಕೆ ಮತ್ತೆ ಕೋರ್ಟಿಗೆ ಹೋಗುವಂತಿಲ್ಲ.

ತೊಡಕು ಎಲ್ಲಿ ಎಂದರೆ, ಈ ಎಂಟು ವಾರ ಕಾಯುವಷ್ಟರಲ್ಲಿ ಕೋರ್ಟಿನ ಒಂದು ತಿಂಗಳು ಕಳೆದಿರುತ್ತದೆ. ನಿಮಗೆ ಇನ್ನೂ ಎರಡು ವಾರ ಇದೆ. ಇವತ್ತೇ ದೂರು ಕಳಿಸಿ. ಅದರಲ್ಲೇ, ದೂರು ಮುಗಿಯುವ ತನಕ ವಸೂಲಿ ಕ್ರಮ ಬೇಡ, ತಿಂಗಳು ದಾಟಿದರೂ ಅಸೆಸ್‌ಮೆಂಟಿಗೆ ಷರತ್ತಿಲ್ಲದೆ ಒಪ್ಪುತ್ತೇವೆ ಎಂದು ಬರೆದುಕೊಡಿ ಎಂದು ಕೇಳಿ. ಬರೆದುಕೊಟ್ಟರೆ ನಿರಾಳ. ಕೊಡದಿದ್ದರೆ, ಮೊತ್ತ ದೊಡ್ಡದಿದ್ದರೆ, ತಿಂಗಳು ತುಂಬುವ ಮುಂಚೆ ಅರ್ಜಿ ಹಾಕಿಬಿಡಿ.

ಅರ್ಜಿ ಎನ್208 ಫಾರ್ಮಿನಲ್ಲಿ, ಸಿವಿಲ್ ಪ್ರೊಸೀಜರ್ ರೂಲ್ಸ್‌ನ 8ನೇ ಭಾಗದ (ಪಾರ್ಟ್ 8) ಕ್ಲೇಮ್ ಆಗಿ. ಲಂಡನ್ನಿನಲ್ಲಾದರೆ ವಕೀಲರ ಖರ್ಚಿನ ಲೆಕ್ಕ ನೋಡುವ ಕೋರ್ಟು ವಿಭಾಗವಾದ ಸೀನಿಯರ್ ಕೋರ್ಟ್ಸ್ ಕಾಸ್ಟ್ಸ್ ಆಫೀಸಿಗೆ. ಆದೇಶವಾದ 28 ದಿನದಲ್ಲಿ ವಕೀಲರು ಖರ್ಚಿನ ವಿಂಗಡಣೆ ಕೊಡಬೇಕು. ಅದು ಬಂದ 14 ದಿನದಲ್ಲಿ ನೀವು ಪಾಯಿಂಟ್ಸ್ ಆಫ್ ಡಿಸ್ಪ್ಯೂಟ್ ಕೊಡಬೇಕು, ಅಂದರೆ ಯಾವ ಸಾಲಿಗೆ ಏಕೆ ತಕರಾರು ಎಂಬ ಪಟ್ಟಿ. ಅದಕ್ಕೆ ಅವರ ಉತ್ತರ ಮತ್ತೆ 14 ದಿನದಲ್ಲಿ. ‘ಒಟ್ಟಾರೆ ಜಾಸ್ತಿ ಆಯಿತು’ ಎಂದು ಮಾತ್ರ ಬರೆದ ಪಟ್ಟಿ ನಿಲ್ಲುವುದಿಲ್ಲ. ಮಿಲ್ಟನ್ ಕೀನ್ಸ್ ಓದುಗರಿಗೆ ಹೇಳಿದ ಎಕ್ಸೆಲ್ ಕೆಲಸ ಇಲ್ಲಿ ಫಲ ಕೊಡುತ್ತದೆ.

ಅರ್ಜಿಗೆ ರುಜು ಹಾಕುವ ಮುಂಚೆ ಐದನೇ ಒಂದು ಪಾಲಿನ ನಿಯಮ ತಿಳಿದಿರಲಿ. ಬಿಲ್ಲು 20,000 ಪೌಂಡ್ ಎನ್ನೋಣ. ಕೋರ್ಟು ಅದನ್ನು 16,000ಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿಸಿದರೆ ಅಸೆಸ್‌ಮೆಂಟಿನ ಖರ್ಚು ವಕೀಲರ ಮೇಲೆ. 16,100ಕ್ಕೆ ಇಳಿಸಿದರೆ ನೀವು 3,900 ಉಳಿಸಿದಿರಿ, ಆದರೆ ಅಸೆಸ್‌ಮೆಂಟಿಗೆ ಅವರು ಮಾಡಿದ ಖರ್ಚನ್ನೂ ಸಾಮಾನ್ಯವಾಗಿ ನೀವೇ ಭರಿಸಬೇಕು. ಉಳಿಸಿದ್ದಕ್ಕಿಂತ ಹೆಚ್ಚು ಅದಕ್ಕೇ ಹೋಗಬಹುದು. ವಿಶೇಷ ಕಾರಣವಿದ್ದರೆ ಕೋರ್ಟು ಇದನ್ನು ಬದಲಿಸಬಹುದು, ಅದನ್ನು ನೆಚ್ಚಿಕೊಂಡು ಹೊರಡಬೇಡಿ. ನಮ್ಮ ಲೆಕ್ಕ ಹೀಗೆ: ನಿಮ್ಮ ತಕರಾರುಗಳೆಲ್ಲ ಒಪ್ಪಿಗೆಯಾದರೆ ಬಿಲ್ಲು ಶೇ 35–40 ಇಳಿಯಬೇಕು, ಅದರಲ್ಲಿ ಅರ್ಧ ಸೋತರೂ ಶೇ 20ರ ಆಸುಪಾಸಿನಲ್ಲಿ ನಿಲ್ಲುತ್ತೀರಿ. ಎಲ್ಲ ಗೆದ್ದರೂ ಶೇ 15 ಮಾತ್ರ ಇಳಿಯುವಂತಿದ್ದರೆ ಕೋರ್ಟು ಬೇಡ, ಒಂಬುಡ್ಸ್‌ಮನ್ ಅಥವಾ ಮಾತುಕತೆ ಸಾಕು. ನಾಲ್ಕೈದು ಸಾವಿರ ಪೌಂಡಿನ ಬಿಲ್ಲಿಗೂ ಇದೇ ಮಾತು.

ಸಾಲಿಸಿಟರ್ಸ್ ರೆಗ್ಯುಲೇಷನ್ ಅಥಾರಿಟಿಗೆ ದೂರು ಕೊಡಿ ಎಂದು ಯಾರಾದರೂ ಹೇಳಿದರೆ: ಮಾಡದ ಕೆಲಸಕ್ಕೆ ಬಿಲ್ಲು, ಸುಳ್ಳು ಲೆಕ್ಕ ಎಂಬಂಥ ಅಪ್ರಾಮಾಣಿಕತೆಗೆ ಅದು. ಫೀಸು ಇಳಿಸುವುದು ಅವರ ಕೆಲಸವಲ್ಲ.

ಪ್ರಶ್ನೆ: ಮನೆ ಮಾರಿದ ಹಣ ವಕೀಲರ ಕ್ಲೈಂಟ್ ಅಕೌಂಟಿನಲ್ಲಿತ್ತು. ಅದರಿಂದ ತಮ್ಮ ಬಾಕಿ ಕಳೆದುಕೊಂಡು ಉಳಿದದ್ದನ್ನು ಕಳಿಸಿದ್ದಾರೆ. ‘ಬಿಲ್ಲು ಪಾವತಿಯಾಗಿದೆ, ಇನ್ನು ತಕರಾರಿಗೆ ಅವಕಾಶವಿಲ್ಲ’ ಎನ್ನುತ್ತಾರೆ.
– ಓದುಗರು, ಕ್ರಾಯ್ಡನ್

ಉತ್ತರ: ಅಷ್ಟು ಸುಲಭವಲ್ಲ. ತಮ್ಮ ಬಳಿ ಇರುವ ನಿಮ್ಮ ಹಣದಿಂದ ಫೀಸು ತೆಗೆದುಕೊಳ್ಳುವ ಮುಂಚೆ ಬಿಲ್ಲು ಅಥವಾ ಲಿಖಿತ ಲೆಕ್ಕ ಕೊಟ್ಟಿರಬೇಕು. ಕೊಟ್ಟಿದ್ದರೂ, ಹಾಗೆ ಮುರಿದುಕೊಂಡದ್ದು 70ನೇ ಕಲಮಿನ ಅರ್ಥದಲ್ಲಿ ‘ಪಾವತಿ’ ಆಗಬೇಕಾದರೆ ಆ ನಿರ್ದಿಷ್ಟ ಮೊತ್ತಕ್ಕೆ ನಿಮ್ಮ ಒಪ್ಪಿಗೆ ಇರಬೇಕು. ಮೆನ್ಜೀಸ್ ಪ್ರಕರಣದಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು 2024ರ ಅಕ್ಟೋಬರ್‌ನಲ್ಲಿ ಹೀಗೆಂದಿತು. ಅದು ಅಪಘಾತ ಪರಿಹಾರದ ಹಣದಿಂದ ಫೀಸು ಮುರಿದುಕೊಂಡ ಪ್ರಕರಣ. ಕಲಂ ಒಂದೇ ಆದ್ದರಿಂದ ಮನೆ ಮಾರಿದ ಹಣಕ್ಕೂ ಆ ತತ್ವ ಹೊಂದುತ್ತದೆ. ‘ಸರಿ, ಕಳೆದುಕೊಳ್ಳಿ’ ಎಂದು ಆ ಮೊತ್ತವನ್ನು ನೋಡಿ ನೀವು ಇಮೇಲು ಬರೆದಿದ್ದೀರಾ ಎಂಬುದನ್ನು ಮೊದಲು ನೋಡಿಕೊಳ್ಳಿ. ಬರೆದಿಲ್ಲವಾದರೆ, ಒಪ್ಪಿಗೆ ಇರಲಿಲ್ಲ ಎಂದು ಇವತ್ತೇ ತಿಳಿಸಿ. ಬಿಲ್ಲು ಬಂದ ದಿನದಿಂದ ಹನ್ನೆರಡು ತಿಂಗಳ ಲೆಕ್ಕ ಮಾತ್ರ ಹೇಗೂ ಓಡುತ್ತಲೇ ಇರುತ್ತದೆ.

ಪ್ರಶ್ನೆ: ಲಂಡನ್ನಿನಲ್ಲಿರುವ ಮಗಳ ಡೈವೋರ್ಸ್ ಖರ್ಚನ್ನು ನಾನೇ ಮೈಸೂರಿನಿಂದ ಕಳಿಸುತ್ತಿದ್ದೇನೆ. ವಕೀಲರಿಗೆ ನಾನು ಬರೆದರೆ ಉತ್ತರವೇ ಕೊಡುವುದಿಲ್ಲ. ದುಡ್ಡು ಕೊಡುವವರಿಗೆ ಕೇಳುವ ಹಕ್ಕಿಲ್ಲವೇ?
– ಓದುಗರು, ಮೈಸೂರು

ಉತ್ತರ: ಅವರ ಕಕ್ಷಿದಾರರು ನಿಮ್ಮ ಮಗಳು, ಆಕೆಯ ಲಿಖಿತ ಅನುಮತಿ ಇಲ್ಲದೆ ನಿಮ್ಮೊಂದಿಗೆ ಮಾತಾಡಿದರೆ ಅವರು ಗೋಪ್ಯತೆಯ ನಿಯಮ ಮುರಿದಂತೆ. ಫೀಸಿನ ವಿಷಯಕ್ಕೆ ಮಾತ್ರ ತಂದೆಯೊಂದಿಗೆ ವ್ಯವಹರಿಸಬಹುದು ಎಂದು ಆಕೆಯಿಂದ ಅವರಿಗೆ ಎರಡು ಸಾಲಿನ ಇಮೇಲು ಬರೆಸಿ. ಕೇಸಿನ ಒಳಸಂಗತಿ ನಿಮಗೆ ಬೇಡ. ಪ್ರತಿ ಸಲ ನಿಮಗೆ ಬರೆದದ್ದಕ್ಕೂ ಯೂನಿಟ್ ಬೀಳುತ್ತದೆ. ಒಂಬುಡ್ಸ್‌ಮನ್ ದೂರು ಮಗಳ ಹೆಸರಿನಲ್ಲೇ ಇರಲಿ, ಪ್ರತಿನಿಧಿಯಾಗಿ ನಿಮ್ಮನ್ನು ಹೆಸರಿಸಬಹುದು. ಬಿಲ್ಲು ಪಾವತಿಸಿದ ಮೂರನೆಯವರೂ ಅಸೆಸ್‌ಮೆಂಟಿಗೆ ಅರ್ಜಿ ಹಾಕಲು ಅದೇ ಸಾಲಿಸಿಟರ್ಸ್ ಆಕ್ಟ್‌ನ 71ನೇ ಕಲಂ ಅವಕಾಶ ಕೊಡುತ್ತದೆ. ಆದರೆ ಮಗಳು ಒಪ್ಪಿಕೊಂಡು ಮಾಡಿಸಿದ ಕೆಲಸವನ್ನು ನೀವು ಪ್ರಶ್ನಿಸುವುದು ಕಷ್ಟ. ಆಕೆಯೇ ಅರ್ಜಿದಾರಳಾಗುವುದು ಮೇಲು. ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್, ಹಣದ ಮೂಲ ಕೇಳಿದರೆ ಸಿಟ್ಟಾಗಬೇಡಿ. 2017ರ ಮನಿ ಲಾಂಡರಿಂಗ್ ನಿಯಮಗಳ ಪ್ರಕಾರ ಕೇಳುತ್ತಾರೆ. ಆ ತಪಾಸಣೆಯ ಸಮಯವನ್ನು ಬಿಲ್ಲಿಗೆ ಹಾಕಿದ್ದಾರೆಯೇ, ಕ್ಲೈಂಟ್ ಕೇರ್ ಲೆಟರಿನಲ್ಲಿ ಅದಕ್ಕೆ ಆಧಾರವಿದೆಯೇ ಎಂದು ಮಾತ್ರ ನೋಡಿ.

ಪ್ರಶ್ನೆ: ವಕೀಲರನ್ನು ಬದಲಿಸಬೇಕು. ಬಾಕಿ ಕಟ್ಟುವ ತನಕ ಫೈಲು ಕೊಡುವುದಿಲ್ಲವಂತೆ. ಬೆಂಗಳೂರಿನಲ್ಲಿ ಹೀಗೆ ಮಾಡುವಂತಿಲ್ಲ ಎಂದು ಅಣ್ಣ ಹೇಳುತ್ತಾನೆ. ಯಾವುದು ಸರಿ?
– ಓದುಗರು, ಬರ್ಮಿಂಗ್‌ಹ್ಯಾಮ್

ಉತ್ತರ: ಇಬ್ಬರೂ ಸರಿ. ಬಾಕಿಗಾಗಿ ಫೈಲು ಹಿಡಿದಿಟ್ಟುಕೊಳ್ಳುವ ಹಕ್ಕು ಇಂಗ್ಲೆಂಡಿನ ಸಾಲಿಸಿಟರಿಗೆ ಇದೆ. ಅದಕ್ಕೆ ಲೀನ್ ಎನ್ನುತ್ತಾರೆ. ಭಾರತದಲ್ಲಿ ಇಲ್ಲ. ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು 2000ದಲ್ಲೇ ಅದನ್ನು ಸ್ಪಷ್ಟಪಡಿಸಿದೆ. ಇಲ್ಲಿ ಬಿಲ್ಲಿನ ಅಸೆಸ್‌ಮೆಂಟ್ ಎಂಬ ವ್ಯವಸ್ಥೆ ಮಾತ್ರ ಬಳಕೆಯಲ್ಲಿಲ್ಲ. ವಕೀಲರ ಸೇವೆ ಗ್ರಾಹಕ ಕಾನೂನಿಗೂ ಒಳಪಡದು ಎಂದು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ, ದುರ್ನಡತೆ ಇದ್ದರೆ ರಾಜ್ಯ ವಕೀಲರ ಪರಿಷತ್ತು, ಹಣ ವಾಪಸಿಗೆ ಸಿವಿಲ್ ದಾವೆ, ಇವೇ ಉಳಿದಿರುವುದು.

ನಿಮ್ಮ ವಿಷಯಕ್ಕೆ ಬಂದರೆ: ಕೇಸು ಬಿಟ್ಟದ್ದು ಯಾರು ಎಂಬುದು ಮುಖ್ಯ. ಅವರೇ ಬಿಟ್ಟಿದ್ದರೆ, ಅವರ ಲೀನ್ ಕಾಯುತ್ತೇವೆ ಎಂದು ಹೊಸ ವಕೀಲರು ಬರೆದುಕೊಡುವ ಷರತ್ತಿನ ಮೇಲೆ ಫೈಲು ಕೊಡುವಂತೆ ಕೋರ್ಟು ಸಾಮಾನ್ಯವಾಗಿ ಆದೇಶಿಸುತ್ತದೆ. ನೀವೇ ಬಿಡುತ್ತಿದ್ದರೆ ಅವರ ಕೈ ಮೇಲು, ಆದರೂ ಅದೇ ಪ್ರಸ್ತಾಪ ಇಟ್ಟು ನೋಡಿ. ಬಾಕಿಯನ್ನು ಆಸ್ತಿ ಹಂಚಿಕೆಯ ಹಣದಿಂದ ಕೊಡುತ್ತೇವೆ ಎಂಬ ಭರವಸೆಗೆ ಹೆಚ್ಚಿನವರು ಒಪ್ಪುತ್ತಾರೆ. ಈ ನಡುವೆ, ಕೋರ್ಟಿಗೆ ಸಲ್ಲಿಸಿದ ಫಾರ್ಮ್ ಇ, ಆದೇಶಗಳು, ಎದುರು ಪಕ್ಷದವರ ಕಾಗದಗಳು ನಿಮ್ಮ ಇಮೇಲಿನಲ್ಲೇ ಬಿದ್ದಿರುತ್ತವೆ. ಅವನ್ನು ತಾರೀಖಿನ ಪ್ರಕಾರ ಜೋಡಿಸಿದರೆ ಹೊಸ ವಕೀಲರು ಕೆಲಸ ಶುರು ಮಾಡುವಷ್ಟು ಸಾಮಗ್ರಿ ಆಗುತ್ತದೆ.

ಪ್ರಶ್ನೆ: ಫೀಸು ಬಾಕಿಗೆ ವಕೀಲರು ಕೌಂಟಿ ಕೋರ್ಟಿನಲ್ಲಿ ದಾವೆ ಹೂಡಿದ್ದಾರೆ. ಬಿಲ್ಲು ಬಂದು ಹದಿನಾಲ್ಕು ತಿಂಗಳಾಗಿದೆ. ಇನ್ನೇನೂ ಮಾಡುವಂತಿಲ್ಲವೇ?
– ಓದುಗರು, ಹ್ಯಾರೋ

ಉತ್ತರ: ಮಾಡಬಹುದು, ಆದರೆ ದಿನ ಕಳೆಯಬೇಡಿ. ದಾವೆಯ ವಿವರ ತಲುಪಿದ 14 ದಿನದೊಳಗೆ, ಅದು ಸಿಕ್ಕಿತೆಂದು ತಿಳಿಸುವ ಅಕ್ನಾಲೆಡ್ಜ್‌ಮೆಂಟ್ ಸಲ್ಲಿಸಿದರೆ ಉತ್ತರ ಕೊಡಲು ಒಟ್ಟು 28 ದಿನ ಸಿಗುತ್ತದೆ. ಸುಮ್ಮನಿದ್ದರೆ ಏಕಪಕ್ಷೀಯ ತೀರ್ಪು ಬರುತ್ತದೆ, ನಿಮ್ಮ ಕ್ರೆಡಿಟ್ ದಾಖಲೆ ಆರು ವರ್ಷ ಕೆಡುತ್ತದೆ. ಅಷ್ಟೇ ಅಲ್ಲ, ತೀರ್ಪು ಬಂದ ಮೇಲೆ ಅಸೆಸ್‌ಮೆಂಟಿಗೂ ‘ವಿಶೇಷ ಸಂದರ್ಭ’ ತೋರಿಸಬೇಕಾಗುತ್ತದೆ. ಹನ್ನೆರಡು ತಿಂಗಳು ದಾಟಿದ್ದರೂ, ಹಣ ಕಟ್ಟದಿರುವ ಬಿಲ್ಲಿಗೆ ದಾವೆ ಬಂದಾಗ ‘ಈ ಮೊತ್ತ ನ್ಯಾಯವಾದದ್ದಲ್ಲ’ ಎಂದು ಪ್ರತಿವಾದ ಹೂಡುವ ಹಕ್ಕು ಉಳಿದಿರುತ್ತದೆ. ಪ್ರತಿವಾದದಲ್ಲಿ ಐದು ಸಂಗತಿ ಬರಲಿ: ಬಿಲ್ಲಿಗೆ ಸಂಸ್ಥೆಯ ಅಧಿಕೃತ ವ್ಯಕ್ತಿಯ ರುಜು ಇದೆಯೇ, ಬಿಲ್ಲು ಕೊಟ್ಟು ಒಂದು ತಿಂಗಳು ತುಂಬುವ ಮುಂಚೆಯೇ ದಾವೆ ಹೂಡಿದ್ದಾರೆಯೇ, ಅಂದಾಜು ಎಷ್ಟಿತ್ತು, ಯಾವ ಯಾವ ಸಾಲಿಗೆ ನಿಮ್ಮ ತಕರಾರು, ಎಷ್ಟು ಕಡಿತವಾಗಬೇಕು. ಮೊದಲ ಎರಡು 69ನೇ ಕಲಮಿನ ಷರತ್ತುಗಳು. ಎರಡನೆಯದು ನಿಮ್ಮ ವಿಷಯದಲ್ಲಿ ಬಹುಶಃ ಅನ್ವಯವಾಗದು, ಆದರೆ ತಿದ್ದಿದ ಹೊಸ ಬಿಲ್ಲು ಕೊಟ್ಟು ಕೂಡಲೇ ದಾವೆ ಹೂಡುವವರೂ ಇದ್ದಾರೆ. ಬಿಲ್ಲಿನ ಮೇಲಿರುವ ತಾರೀಖನ್ನೂ ದಾವೆಯ ತಾರೀಖನ್ನೂ ಹೋಲಿಸಿ ನೋಡಿಬಿಡಿ.